ಲಿಫ್ಟಿನ ಹಗ್ಗಕ್ಕೆ ಚೆಂಡುಹೂವು

"ಅಳಿಸೋಕೆ ಬರಲ್ಲ ಸಾರ್. ಹಳೇ ರಿಜಿಸ್ಟರ್ ಆಗಿದ್ರೆ ಹಾಳೆ ಹರಿದು ಬಾಯಿಗೆ ಹಾಕ್ಕೊಂಡಿದ್ರೂ ಆಗ್ತಿತ್ತು. ಈ ರಿಪೇರಿ ದಾಖಲೆ ಆನ್‌ಲೈನು. ತಿಂಗಳ ಚಂದಾ ಕಟ್ಟಿ ತರಿಸಿದವರು ನೀವೇ," ಅಂದ ಗುಮಾಸ್ತ.

ಮ್ಯಾನೇಜರ್ ಪರಮಶಿವಯ್ಯ ಕೆಂಪಗಾದ್ರು. ಅಕ್ಕಿ ಮಿಲ್ಲಿನ ಲಿಫ್ಟು ಹಗ್ಗ ಕಿತ್ತು ಬಿದ್ದು, ಫಿಟ್ಟರ್ ದ್ಯಾಮಪ್ಪ ಸತ್ತು ಮೂರು ದಿನ ಆಗಿತ್ತು. ತಪ್ಪು ಅವನದೇ, ಅವನು ಹಗ್ಗ ನೋಡಲೇ ಇಲ್ಲ ಅಂತ ವರದಿ ಹೋಗ್ಬೇಕಿತ್ತು. ಗುಮಾಸ್ತ ಕಂಪ್ಯೂಟರ್ ಅವರ ಕಡೆ ತಿರುಗಿಸಿದ.

"ಹಗ್ಗ ಸವೆದಿದೆ ಅಂತ ದ್ಯಾಮಪ್ಪ ಫೋನಿಂದ ನಾಲ್ಕು ಸಲ ಹಾಕಿದಾನೆ. ನಾಲ್ಕನೇದಕ್ಕೆ ನೀವು 'ಸರಿ ಆಯ್ತು' ಒತ್ತಿದೀರಿ. ರಿಪೇರಿ ಫೋಟೋ ಹಾಕಿ ಅಂತ ಅದು ಕೇಳಿದ್ದಕ್ಕೆ ಆಯುಧ ಪೂಜೇದು ಹಾಕಿದೀರಿ. ಹಗ್ಗಕ್ಕೆ ಚೆಂಡುಹೂವು, ಕುಂಕುಮ. ಚೆನ್ನಾಗಿ ಬಂದಿದೆ ಸಾರ್."

"ಚಂದಾನೇ ನಿಲ್ಲಿಸಯ್ಯ! ಎಲ್ಲಾ ಹೋಗ್ಲಿ!"

"ನಿಲ್ಲಿಸೇ ಬಿಡ್ಲಾ?"

"ನಿಲ್ಲಿಸು ಅಂದ್ನಲ್ಲ!"

ಗುಮಾಸ್ತ ಒತ್ತಿದ. ಬಾಗಿಲ ಆಚೆ ಟಿಂಗ್ ಅಂತು.

"ಏನದು?"

"ಇದು ಸುಮ್ನೆ ನಿಲ್ಲಲ್ಲ ಸಾರ್. ಇಲ್ಲೀವರೆಗಿನ ದಾಖಲೆ ಪೂರ್ತಿ, ಹೆಸರಿರೋ ಎಲ್ಲರ ಫೋನಿಗೂ ಕಳಿಸಿ ನಿಲ್ಲುತ್ತೆ. ದ್ಯಾಮಪ್ಪನ ಹೆಸರು ತೆಗೆಯೋಕೆ ನನಗೆ ಕೈ ಬಂದಿರ್ಲಿಲ್ಲ. ಆ ಫೋನು ಈಗ ಅವನ ಹೆಂಡ್ತಿ ಹತ್ರ ಇದೆ. ಬೆಳಗ್ಗೆಯಿಂದ ಆಚೆ ಬೆಂಚಲ್ಲಿ ಕೂತಿದಾರೆ."

ಪರಮಶಿವಯ್ಯ ಬಾಗಿಲ ಕಡೆ ನೋಡಿದ್ರು. ಆಮೇಲೆ ಮುಖ ಸ್ವಲ್ಪ ಅರಳ್ತು. "ಅವಳಿಗೆ ಓದೋಕೆ ಬರಲ್ವಲ್ಲಯ್ಯ?"

ಗುಮಾಸ್ತ ಕನ್ನಡಕ ತೆಗೆದು ಒರೆಸ್ಕೊಂಡ. ದ್ಯಾಮಪ್ಪನಿಗೆ ಆ ಫೋನಲ್ಲಿ ಒಂದೊಂದೇ ಅಕ್ಷರ ಒತ್ತೋದು ಕಲಿಸಿದ್ದು ಅವನೇ.

"ಬರಲ್ಲ ಸಾರ್. ನನಗೆ ಬರುತ್ತೆ."

ಆಚೆ ಹೋಗಿ ಬಾಗಿಲು ಮುಚ್ಚಿದ.