ಖಾಲಿ ಕೊಡದ ಭಾರ

ಸಾಕವ್ವನ ತಲೆಯೇರಿ ಬಾವಿಗೆ ಹೊರಟ ಮಣ್ಣಿನ ಕೊಡಕ್ಕೆ ಅವತ್ತು ಜೀವಭಯ. ಅವಳು ಆಗಲೇ ಎರಡು ಸಲ ಎಡವಿದ್ದಳು.

ಕೊಡ ತನ್ನಡಿಯ ಬಟ್ಟೆಸಿಂಬಿಯನ್ನು ಕೇಳಿತು: “ಸಿಂಬಕ್ಕಾ, ನಾನು ಖಾಲಿ ಇದೀನಲ್ಲ! ಇವಳಿಗೆ ಇನ್ಯಾವುದು ಇಷ್ಟು ಭಾರ?”

“ನನ್ನ ಮೇಲಿರೋದು ನೀನೊಬ್ಬನೇ ಕಣಪ್ಪ. ಮಿಕ್ಕಿದ್ದು ನನ್ನ ಕೆಳಗಿದೆ.”

ಬಾವಿಕಟ್ಟೆಯಲ್ಲಿ ದುಗ್ಗಮ್ಮ, “ಯಾಕವ್ವಾ, ಮುಖ ಬಾಡೈತೆ?” ಅಂದದ್ದೇ ತಡ, ಸಾಕವ್ವ ಗಳಗಳ ಅತ್ತಳು. “ಮಗಳನ್ನ ಬಾಣಂತನಕ್ಕೆ ಕಳಿಸಲ್ಲ ಅಂದ್ರು ಕಣೇ ಬೀಗರು.” ದುಗ್ಗಮ್ಮ ಸೇದುವ ಹಗ್ಗ ಬಿಟ್ಟು, ಪಕ್ಕದಲ್ಲಿ ಕೂತು ಎಲ್ಲಾ ಕೇಳಿದಳು. ಆಮೇಲೆ ಕಂಠಮಟ್ಟ ತುಂಬಿದ ಕೊಡಕ್ಕೆ ಕೈಹಚ್ಚಿ ಸಾಕವ್ವನ ತಲೆಗೇರಿಸಿದಳು.

ಸಾಕವ್ವ ಒಂದು ಹನಿಯೂ ತುಳುಕದಂತೆ ನಡೆದಳು.

“ತುಂಬಿದ ಮೇಲೆ ನಾನು ಹೆಂಗೆ ಹಗುರಾದೆ?” ಕೊಡಕ್ಕೆ ಬೆರಗು.

“ನೀನಲ್ಲ ಕಣೋ,” ನಕ್ಕಿತು ಸಿಂಬಿ. “ನಿನ್ನನ್ನು ಹೊರಿಸೋಕೆ ಇನ್ನೊಬ್ಬಳ ಕೈ ಬೇಕಾಯ್ತು. ನನ್ನ ಕೆಳಗಿದ್ದದ್ದನ್ನು ಇಳಿಸೋಕೆ ಇನ್ನೊಬ್ಬಳ ಕಿವಿ ಬೇಕಿತ್ತು.”