ಬಾಕಿ ಉಳಿದ ಕೊಸರು

“ಗುರುಗಳೇ, ನಾನು ಚಿನ್ನದಿಂದ ಬೆಳ್ಳಿಗೆ ಇಳಿಯುವ ಹೊತ್ತು ಬಂದಿದೆ. ಏನು ಮಾಡಲಿ?”

ನಾಗಭೂಷಣ ಇದನ್ನು ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದ. ಕಾಶಿಯ ಆ ಮಠದಲ್ಲಿ ಕುಳಿತಿದ್ದವರು ಯಾರೋ ತೀರಿಕೊಂಡರೆಂದು ಎದ್ದು ನಿಂತರು. ಆಮೇಲೆ ವಿಷಯ ತಿಳಿಯಿತು. ಔಷಧ ಮಾರುವ ಕೆಲಸಕ್ಕಾಗಿ ವಾರವಾರವೂ ಹಾರುವ ಅವನಿಗೆ ಒಂದು ವಿಮಾನ ಕಂಪನಿ ಹಾರಿದಷ್ಟೂ ಕೂಡುವ ಪಾಯಿಂಟುಗಳನ್ನೂ ಕಿಟಕಿಯ ಸೀಟು ಕೊಡಿಸುವ ಚಿನ್ನದ ಕಾರ್ಡನ್ನೂ ಕೊಟ್ಟಿತ್ತು. ನಾಳೆ ಸಂಜೆ ಬೆಂಗಳೂರಿನಲ್ಲಿ ಮಗಳ ರಂಗಪ್ರವೇಶ. ಆ ಕಂಪನಿಯ ವಿಮಾನ ಮುಂಬೈ ಸುತ್ತಿಕೊಂಡು ನಾಡಿದ್ದು ಮುಟ್ಟಿಸುತ್ತದೆ. ಇನ್ನೊಂದು ಕಂಪನಿಯದು ನೇರ. ನಾಳೆ ಮಧ್ಯಾಹ್ನಕ್ಕೇ ಮನೆ. ಆದರೆ ಅದನ್ನು ಹತ್ತಿದರೆ ಈ ತಿಂಗಳ ಪಾಯಿಂಟು ಸಾಲದೆ ಚಿನ್ನ ಹೋಗುತ್ತದೆ.

“ಯಾವ ಕಂಪನಿಗೆ ನಿಷ್ಠನಾಗಿರಲಿ? ಮಗಳಾದರೆ ಅರ್ಥಮಾಡಿಕೊಳ್ಳುತ್ತಾಳೆ. ಕಂಪನಿ ಮಾಡಿಕೊಳ್ಳುವುದಿಲ್ಲ.”

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ತರಕಾರಿ ವ್ಯಾಪಾರಿಯಿದ್ದ. ಉಳಿದ ವ್ಯಾಪಾರಿಗಳೆಲ್ಲ ತೂಕದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಿದ್ದರು. ಇವನು ಹಾಕುತ್ತಿರಲಿಲ್ಲ. “ನಿಮ್ಮ ಕೊಸರು ನನ್ನ ಹತ್ತಿರವೇ ಇರಲಿ, ತಾಯಿ. ಕೂಡಿ ಒಂದು ಬುಟ್ಟಿಯಾದ ಮೇಲೆ ಒಟ್ಟಿಗೆ ಒಯ್ಯಿರಿ. ಬೇರೆ ಅಂಗಡಿಗೆ ಕಾಲಿಟ್ಟರೆ ಮಾತ್ರ ಅದು ಕೊಳೆತುಹೋಗುತ್ತದೆ” ಎನ್ನುತ್ತಿದ್ದ. ಒಬ್ಬ ಗೃಹಿಣಿ ಒಪ್ಪಿದಳು. ಅವನು ಅವಳಿಗೆ ಕೂರಲು ಮಣೆ ಹಾಕಿದ. ಮಿಕ್ಕವರು ನಿಂತೇ ಕೊಳ್ಳುತ್ತಿದ್ದರು. ಮಣೆಯ ಮೇಲೆ ಕುಳಿತವಳಿಗೆ ಬದನೆಕಾಯಿಯ ಹುಳುಕು ಕಾಣುತ್ತಿರಲಿಲ್ಲ.

ಒಂದು ದಿನ ಅವಳ ಮನೆಗೆ ಬೀಗರು ಬರುವವರಿದ್ದರು. ಅಂದು ಹುಳುಕು ಕಂಡಿತು. ಪಕ್ಕದ ಅಂಗಡಿಯ ಎಳೆ ಬದನೆಯೂ ಕಂಡಿತು. ಅವಳು ಎದ್ದಳು. ವ್ಯಾಪಾರಿ ಅವಳ ಚೀಲ ಹಿಡಿದುಕೊಂಡ.

“ಇನ್ನೇನು ಬುಟ್ಟಿ ತುಂಬಿತು, ತಾಯಿ! ಇಷ್ಟು ದಿನದ ಕೊಸರು ಬಿಟ್ಟು ಹೋಗುತ್ತೀರಾ?”

“ಕೈಗೆ ಬಿದ್ದರೆ ಕೊಸರು, ಕೊರಳಿಗೆ ಬಿದ್ದರೆ ಕಣ್ಣಿ. ನಾನೇನು ನಿನ್ನ ಕೊಟ್ಟಿಗೆಯ ಕರುವೇ? ಆ ಬುಟ್ಟಿಯನ್ನು ನೀನೇ ಬೇಯಿಸಿಕೊಂಡು ತಿನ್ನು!”

ಚೀಲವನ್ನು ಅವನ ಕೈಯಿಂದ ಕೊಸರಿಕೊಂಡು ಅವಳು ಪಕ್ಕದ ಅಂಗಡಿಗೆ ನಡೆದಳು. ಬೀಗರು ಎಣ್ಣೆಗಾಯಿ ಉಂಡು ಹೋದರು.

“ಅಷ್ಟು ದಿನದ್ದು ನಷ್ಟವಾಯಿತಲ್ಲ, ಗುರುಗಳೇ?” ನಾಗಭೂಷಣನ ದನಿಯಲ್ಲಿ ನಿಜವಾದ ಸಂಕಟವಿತ್ತು.

“ಕೊಸರು ಕೊಡುವುದು ಅವನಿಗೆ ಬಿಟ್ಟದ್ದು, ಕೊಸರಿಕೊಳ್ಳುವುದು ನಿನಗೆ ಬಿಟ್ಟದ್ದು” ಎಂದರು ಗುರುಗಳು.

ನಾಗಭೂಷಣ ಮರುದಿನ ನೇರ ವಿಮಾನದಲ್ಲಿ, ನಡುವಿನ ಸೀಟಿನಲ್ಲಿ ಕುಳಿತು ಬೆಂಗಳೂರು ಸೇರಿದ. ತಿಂಗಳ ಕೊನೆಗೆ ಅವನ ಕಾರ್ಡು ಬೆಳ್ಳಿಯಾಯಿತು.