ಗುಡ್ಡದ ಮೇಲಿನ ನೀರು

ಇದನ್ನು ನನಗೆ ಮೊದಲು ಹೇಳಿದವರು ಇಂದುಮತಿ ಮೇಡಂ. ಅವರು ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಕೇಳಿದ ಒಂದು ಪ್ರಶ್ನೆಗೆ ಸಿಕ್ಕಿದ ಉತ್ತರ ಇದು. ಉತ್ತರ ಕೊಟ್ಟವರು ಚೆನ್ನವೀರಯ್ಯ ಮೇಷ್ಟ್ರು. ಎಂಜಿನಿಯರುಗಳಿಗೆ ಪಾಠ ಹೇಳುವ ದೊಡ್ಡ ಹುದ್ದೆಯಲ್ಲಿದ್ದರೂ ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪ್ರಶ್ನೆ ಕೇಳಿದರೆ ಕತೆ ಹೇಳುವ ಚಾಳಿ ಇದ್ದವರನ್ನು ಇನ್ನೇನೆಂದು ಕರೆಯುವುದು.

ಇಂದುಮತಿ ಕೇಳಿದರು: "ಮೇಷ್ಟ್ರೇ, ಸ್ಥಾವರದಲ್ಲಿ ಕರೆಂಟು ಪೂರ್ತಿ ಹೋದರೆ ಏನು ಮಾಡಬೇಕು ಎಂದು ವರ್ಷವಿಡೀ ಕಲಿಸಿದಿರಿ. ಇನ್ನು ಸ್ವಲ್ಪ ದಿನಕ್ಕೆ ಒಂದು ಪಾಳಿ ನನ್ನ ಕೈಗೆ ಬರುತ್ತದೆ. ತಯಾರಿ ಸಾಕು, ಇನ್ನು ಹೆದರಬೇಕಾಗಿಲ್ಲ ಎಂದು ಗೊತ್ತಾಗುವುದು ಯಾವಾಗ?"

ಮೇಷ್ಟ್ರು ಹೇಳಿದರು.

ಒಂದು ಅಣುಸ್ಥಾವರ ಇತ್ತು. ಅದರ ಹೊಟ್ಟೆಯ ಬೆಂಕಿಗೆ ಒಂದು ಕೆಟ್ಟ ಗುಣ. ಮನೆಯ ಒಲೆಯಾದರೆ ಸೌದೆ ಹಿಂದಕ್ಕೆಳೆದು ನೀರು ಚಿಮುಕಿಸಿದರೆ ಆಯಿತು. ಈ ಒಲೆಯನ್ನು ಆರಿಸಿದ ಮೇಲೂ ಅದರ ಕೆಂಡ ತಾನಾಗಿ ಕಾಯುತ್ತಲೇ ಇರುತ್ತದೆ, ದಿನಗಟ್ಟಲೆ. ಅಷ್ಟೂ ದಿನ ನೀರು ಅದನ್ನು ತಣಿಸುತ್ತಲೇ ಇರಬೇಕು. ನೀರು ನಿಂತರೆ ಕೆಂಡ ತನ್ನ ಒಲೆಯನ್ನೇ ತಿನ್ನುತ್ತದೆ. ಆಮೇಲೆ ಒಳಗಿನ ವಿಷ ಹೊರಗೆ ಬಂದು ಗಾಳಿ ಬೀಸಿದ ಕಡೆಗೆ ಹೋಗುತ್ತದೆ. ನೀರು ಹರಿಸುವುದಕ್ಕೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಒಲೆ ಆರಿಸಿದ ಮೇಲೆ ಆ ಕರೆಂಟು ಹೊರಗಿನಿಂದ ಬರಬೇಕು. ಊರಿಗೆಲ್ಲ ಅನ್ನ ಇಕ್ಕುವವಳು ತನ್ನ ತುತ್ತಿಗೆ ನೆರೆಮನೆಯ ಬಾಗಿಲು ತಟ್ಟಿದ ಹಾಗೆ.

ಅಲ್ಲಿ ಒಬ್ಬಳು ಪಾಳಿಯ ಮೇಲ್ವಿಚಾರಕಿ ಇದ್ದಳು. ಅವಳಿಗೆ ಹೆದರಿಕೆ ಜಾಸ್ತಿ. ಅದನ್ನು ಅವಳು ಮುಚ್ಚಿಡುತ್ತಿರಲಿಲ್ಲ, ಕೆಲಸಕ್ಕೆ ಹಚ್ಚುತ್ತಿದ್ದಳು. ಒಂದು ದಿನ ಮುಖ್ಯಸ್ಥನ ಕೋಣೆಗೆ ಹೋಗಿ ಕೇಳಿದಳು: "ಸರ್, ಹೊರಗಿನ ಲೈನು ಹೋದರೆ?"

"ಡೀಸೆಲ್ ಜನರೇಟರ್ ಇದೆ."

"ಅದು ಕೆಟ್ಟರೆ?"

"ಅದರ ಪಕ್ಕದಲ್ಲೇ ಇನ್ನೊಂದಿದೆ."

"ಪಕ್ಕದಲ್ಲೇ ಇದೆಯಲ್ಲ ಸರ್, ಇದಕ್ಕೆ ಬಂದದ್ದು ಅದಕ್ಕೆ ಬರದೆ ಇರುತ್ತದೆಯೇ?"

"ಬ್ಯಾಟರಿ ಇದೆಯಲ್ಲಮ್ಮ."

"ಬ್ಯಾಟರಿಯಿಂದ ಮೀಟರಿನ ಮುಳ್ಳು ಆಡುತ್ತದೆ ಸರ್. ಪಂಪು ಓಡುವುದಿಲ್ಲ."

ಮುಖ್ಯಸ್ಥ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಅಲ್ಲಮ್ಮಾ, ಲಗ್ನದ ಮನೆಗೆ ಬಂದು ತಿಥಿಯ ಅಡಿಗೆಗೆ ಯಾರನ್ನು ಗೊತ್ತು ಮಾಡಿದ್ದೀರಿ ಅಂತ ಕೇಳ್ತಿದ್ದೀಯಲ್ಲ. ಹೀಗೆ ಹೋದರೆ, ಹೋದರೆ ಅಂತ ಹೋಗ್ತಾನೇ ಇದ್ದರೆ ಎಲ್ಲಿ ನಿಲ್ಲೋದು?"

"ಗುಡ್ಡದ ಮೇಲೆ ಸರ್. ಮೇಲಿನ ನೀರು ಕೆಳಗಿಳಿಯೋದಕ್ಕೆ ಕರೆಂಟಿನ ಹಂಗಿಲ್ಲ."

ಅವಳ ಕಾಟ ತಾಳಲಾರದೆಯೋ, ಮಾತು ಸರಿ ಎನ್ನಿಸಿಯೋ, ಸ್ಥಾವರದ ಹಿಂದಿನ ಗುಡ್ಡದ ಮೇಲೆ ಒಂದು ದೊಡ್ಡ ತೊಟ್ಟಿ ಕಟ್ಟಿಸಿದರು. ತೊಟ್ಟಿಯಿಂದ ಒಲೆಯ ತನಕ ಕೊಳವೆ ಹಾಕಿಸಿದರು. ತೊಟ್ಟಿಯ ಬುಡದಲ್ಲಿ ಒಂದು ವಾಲ್ವು. ಅದನ್ನು ಕೈಯಿಂದಲೇ ತಿರುಗಿಸಬೇಕು. ಸ್ಥಾವರದ ಹಿಂಬಾಗಿಲು ದಾಟಿದರೆ ಎಡಕ್ಕೆ ಗುಡ್ಡದ ದಾರಿ, ಬಲಕ್ಕೆ ಗೇಟಿನ ದಾರಿ. ಗೇಟಿನ ಆಚೆಗೆ ಸ್ಥಾವರದವರು ಹೆಂಡತಿ ಮಕ್ಕಳ ಜೊತೆ ಇದ್ದ ಕಾಲೊನಿ.

ವಾಲ್ವು ತೆರೆಯುವ ಕೆಲಸಕ್ಕೆ ಅವಳು ಒಬ್ಬ ಆಪರೇಟರನ್ನು ಆರಿಸಿದಳು. ಗಟ್ಟಿ ಆಳು, ಮಾತು ಕಡಿಮೆ. ಅಭ್ಯಾಸದ ದಿನ ಅವಳು ನಿಜವಾಗಿಯೇ ದೀಪ ಆರಿಸಿಸಿದಳು. ಒಳಗೆ ಕಿಟಕಿ ಇಲ್ಲದ ಕಟ್ಟಡ, ಹಗಲಲ್ಲೂ ಹೆಪ್ಪುಗಟ್ಟಿದ ಕತ್ತಲು. ಮೊದಲ ಸಲ ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅವಳು ನಗಲಿಲ್ಲ. ಇನ್ನೊಮ್ಮೆ ಎಂದಳು. ಮತ್ತೊಮ್ಮೆ ಎಂದಳು. ಕಣ್ಣು ಕಲಿಯದ ದಾರಿಯನ್ನು ಕಾಲು ಕಲಿಯಿತು. ಅನ್ನ ಬೇಯುವಷ್ಟು ಹೊತ್ತಿನಲ್ಲಿ ಆಪರೇಟರ್ ಗುಡ್ಡ ಹತ್ತಿ ವಾಲ್ವು ತೆರೆದು ಬರುತ್ತಿದ್ದ.

"ಕಣ್ಣಿಗೆ ಬಟ್ಟೆ ಕಟ್ಟಿ ಬಿಡಿ ಮೇಡಂ, ಆಗಲೂ ಹೋಗಿ ಬರ್ತೀನಿ," ಎಂದ.

ಅವಳು ಕಟ್ಟಿಯೇ ಬಿಟ್ಟಳು. ಅವನು ಹೋಗಿ ಬಂದ.

ಬೇರೆ ಸ್ಥಾವರಗಳಿಂದ ಜನ ಬಂದು ನೋಡಿದರು. ತಲೆದೂಗಿದರು. ಅವಳಿಗೆ ನಿದ್ದೆ ಹತ್ತತೊಡಗಿತು.

ಒಂದು ಬೇಸಿಗೆಯ ಮಧ್ಯಾಹ್ನ ಬಂತು. ಆಲಿಕಲ್ಲಿನ ಮಳೆ, ಅದರ ಜೊತೆಗೆ ಯಾರೂ ಕಂಡಿರದ ಗಾಳಿ. ಹೊರಗಿನ ಲೈನಿನ ಕಂಬಗಳು ಸಾಲಾಗಿ ಮಲಗಿದವು. ಒಲೆ ತಾನಾಗಿ ಆರಿತು, ಅದು ಆರುವಂತೆಯೇ ಮಾಡಿದ್ದರು. ಡೀಸೆಲ್ ಜನರೇಟರುಗಳು ಶುರುವಾದವು. ಗುಡ್ಡದಿಂದ ಇಳಿದ ಮಳೆನೀರು ಅವು ಇದ್ದ ತಗ್ಗಿನ ಕೋಣೆಗೆ ನುಗ್ಗಿತು. ಒಂದು ಕೆಮ್ಮಿ ನಿಂತಿತು. ಪಕ್ಕದ್ದು ಅದರ ಹಿಂದೆಯೇ ನಿಂತಿತು.

ಕತ್ತಲಾಯಿತು.

ಎಷ್ಟೋ ವರ್ಷಗಳಿಂದ ಆ ಕಟ್ಟಡದಲ್ಲಿ ಒಂದು ಸದ್ದು ಹಗಲೂ ರಾತ್ರಿ ಇರುತ್ತಿತ್ತು. ಅದು ನಿಂತಾಗಲೇ ಅದೊಂದು ಸದ್ದು ಇತ್ತೆಂದು ಜನಕ್ಕೆ ತಿಳಿದದ್ದು. ಬ್ಯಾಟರಿಯ ಬೆಳಕಿನಲ್ಲಿ ನಾಲ್ಕಾರು ಮುಳ್ಳುಗಳು ಕಾಣುತ್ತಿದ್ದವು. ಅದರಲ್ಲಿ ಒಲೆಯ ಕಾವು ತೋರಿಸುವ ಮುಳ್ಳು ಏರುತ್ತಿತ್ತು. ಸೈರನ್ ಕೂಗಲಿಲ್ಲ. ಅದಕ್ಕೂ ಅದೇ ಕರೆಂಟು.

"ಹೊರಡಿ," ಎಂದಳು. ಆಪರೇಟರ್ ಕತ್ತಲಲ್ಲಿ ಹೊರಟ. ಅವನ ಹೆಜ್ಜೆ ಒಂದೂ ತಪ್ಪಲಿಲ್ಲ.

ಗುಡ್ಡದ ನೀರಿನ ಕೊಳವೆ ಅವಳ ಕೋಣೆಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಅವಳು ಅದರ ಮೇಲೆ ಅಂಗೈ ಇಟ್ಟು ನಿಂತಳು. ನೀರು ಬಂದರೆ ಕೊಳವೆ ತಣ್ಣಗಾಗಬೇಕು. ಅನ್ನ ಬೇಯುವಷ್ಟು ಹೊತ್ತಾಯಿತು. ಕೊಳವೆ ಬೆಚ್ಚಗೇ ಇತ್ತು. ಅನ್ನ ಸೀಯುವಷ್ಟು ಹೊತ್ತಾಯಿತು. ಬೆಚ್ಚಗಿರುವುದು ಕೊಳವೆಯೋ ತನ್ನ ಕೈಯೋ ತಿಳಿಯದೆ ಇನ್ನೊಂದು ಕೈಯನ್ನೂ ಇಟ್ಟಳು. ಮುಳ್ಳು ಏರುತ್ತಲೇ ಇತ್ತು. ಮೀಟರಿನ ಮುಂದೆ ಕೂತಿದ್ದವರು ಏಳುವಂತಿರಲಿಲ್ಲ. ಅವರಲ್ಲೊಬ್ಬ ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆ, "ಮೇಡಂ," ಎಂದ. ಅಷ್ಟೇ ಎಂದ.

ಅವಳೇ ಹೊರಟಳು.

ಹಿಂಬಾಗಿಲು ತೆಗೆದರೆ ಹೊರಗೆ ಕಣ್ಣು ಕುಕ್ಕುವ ಬಿಸಿಲು. ಮಳೆ ನಿಂತು ಹೋಗಿತ್ತು. ನೆಲ ಕೆಸರಾಗಿತ್ತು. ಕೆಸರಿನಲ್ಲಿ ಒಬ್ಬನ ಬೂಟಿನ ಗುರುತು ಬಿದ್ದಿತ್ತು. ಅದು ಎಡಕ್ಕೆ ಹೋಗಿರಲಿಲ್ಲ. ಬಲಕ್ಕೆ, ಗೇಟಿನ ಕಡೆಗೆ ಹೋಗಿತ್ತು.

ಅವನ ಮಗಳು ಕಾಲೊನಿಯ ಸ್ಕೂಲಿನಲ್ಲಿ ಓದುತ್ತಿದ್ದಳು. ಅದು ಮೇಲ್ವಿಚಾರಕಿಗೆ ಗೊತ್ತಿತ್ತು.

ಬೈಗುಳ ಬಾಯಿಗೆ ಬಂತು. ಹೊರಗೆ ಬರಲಿಲ್ಲ. ಏಕೆಂದರೆ ಆ ಬಾಗಿಲಲ್ಲಿ ನಿಂತರೆ ಕಾಲೊನಿ ಕಾಣುತ್ತದೆ, ಕಾಲೊನಿಯ ಎರಡನೇ ಸಾಲಿನಲ್ಲಿ ಅವಳ ಮನೆ ಕಾಣುತ್ತದೆ. ಮಹಡಿಯ ಮೇಲೆ ಅವಳ ಅತ್ತೆ ನೆನೆದ ಬಟ್ಟೆಗಳನ್ನು ಹಿಂಡುತ್ತಿದ್ದರು. ಸೆರಗು ಹಿಡಿದುಕೊಂಡು ಮಗು ನಿಂತಿತ್ತು. ಇಲ್ಲಿ ಏನಾಗಿದೆ ಎಂದು ಕಾಲೊನಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿರುವವಳು ತಾನು. ಓಡಿದರೆ ಮಗುವನ್ನು ಎತ್ತಿಕೊಂಡು ಸ್ಕೂಟರ್ ಹತ್ತಬಹುದು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿದಳು.

ಎಷ್ಟು ಹೊತ್ತು ನಿಂತಳೋ ಅವಳಿಗೆ ಗೊತ್ತಿಲ್ಲ. ಧೈರ್ಯ ಬರಲಿ ಎಂದು ಕಾದಳು, ಬರಲಿಲ್ಲ. ಅಷ್ಟರಲ್ಲಿ ಅತ್ತೆ ಮಗುವಿನ ಅಂಗಿಯನ್ನು ಕೊಡವಿ ಮತ್ತೆ ತಂತಿಗೆ ಹಾಕಿದರು. ಸಂಜೆಗೆ ಒಣಗಲಿ ಎಂದು. ಅದನ್ನು ನೋಡಿ ಅವಳ ಕಾಲು ಎಡಕ್ಕೆ ತಿರುಗಿತು.

ಗುಡ್ಡದ ಅರ್ಧ ದಾರಿಯಲ್ಲಿ ಹಿಂದಿನಿಂದ ಯಾರೋ ಏದುಸಿರು ಬಿಡುತ್ತಾ ಓಡಿ ಬಂದರು. ಆಪರೇಟರ್.

"ಗೇಟಿನ ತನಕ ಹೋಗಿದ್ದೆ ಮೇಡಂ. ಸ್ಕೂಲಿನ ಮಕ್ಕಳೆಲ್ಲ ಬಯಲಲ್ಲಿ ಆಲಿಕಲ್ಲು ಆಯ್ತಾ ಇದ್ರು. ನನ್ನ ಮಗಳು ಲಂಗದ ತುಂಬಾ ತುಂಬ್ಕೊಂಡು, ಅಪ್ಪಾ ನೋಡು ಅಂತ ತೋರಿಸಿದಳು. ಅವಳೊಬ್ಬಳನ್ನ ಏನು ಹೇಳಿ ಎಳ್ಕೊಂಡು ಹೋಗ್ಲಿ?"

"ಮಾತು ಬೇಡ. ನಡೀರಿ."

ವಾಲ್ವನ್ನು ಇಬ್ಬರೂ ಕೂಡಿ ತಿರುಗಿಸಿದರು. ಒಳಗೆ ನೀರು ಗುಡುಗಿತು. ಅವಳು ಇಳಿದು ಬಂದು ಕೊಳವೆಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಕರೆಂಟು ಬರುವ ತನಕ ಆ ಕೈ ತೆಗೆಯಲಿಲ್ಲ.

ಒಲೆ ಉಳಿಯಿತು. ಉಳಿದದ್ದು ಕೂದಲೆಳೆಯಷ್ಟರಲ್ಲಿ ಎಂದು ಆಮೇಲೆ ಲೆಕ್ಕ ಹಾಕಿದವರು ಹೇಳಿದರು.

ವಿಚಾರಣೆಗೆ ದೊಡ್ಡವರು ಬಂದರು. ಕಂಬ ಏಕೆ ಬಿತ್ತು ಎಂದು ಕೇಳಿದರು. ಡೀಸೆಲ್ ಕೋಣೆ ಏಕೆ ತಗ್ಗಿನಲ್ಲಿದೆ ಎಂದು ಕೇಳಿದರು. ಅವಳು ಎಲ್ಲದಕ್ಕೂ ಉತ್ತರ ಹೇಳಿದಳು. ಕೊನೆಗೆ ಅವರಲ್ಲಿ ಒಬ್ಬರು ಕೇಳಿದರು: "ಅಭ್ಯಾಸದಲ್ಲಿ ಬೇಗ ಬರುತ್ತಿದ್ದ ನೀರು ಅವತ್ತು ಅಷ್ಟು ತಡವಾಗಿ ಏಕೆ ಬಂತಮ್ಮ?"

ಆಪರೇಟರ್ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಅವಳು ಅವನನ್ನು ನೋಡಲಿಲ್ಲ.

"ದಾರಿಯಲ್ಲಿ ಮರ ಬಿದ್ದಿತ್ತು ಸರ್," ಎಂದಳು.

ಅಂಥ ಗಾಳಿ ಬಂದು ಹೋದ ಮೇಲೆ ಯಾವ ಮರ ಎಂದು ಯಾರು ಕೇಳುತ್ತಾರೆ. ಕೇಳಲಿಲ್ಲ. ಬರೆದುಕೊಂಡರು. ಡೀಸೆಲ್ ಕೋಣೆಯನ್ನು ಎತ್ತರಿಸಿದರು, ಅದು ಒಳ್ಳೆಯದೇ ಆಯಿತು. ಗುಡ್ಡದ ದಾರಿಯ ಎರಡೂ ಬದಿಗೆ ನೆರಳಿಗೆಂದು ಬೆಳೆಸಿದ್ದ ಹೊಂಗೆ ಮರಗಳನ್ನು ಬುಡಸಹಿತ ಕಡಿದರು. ಕೊಡಲಿ ಬೀಳುವಾಗ ಅವಳು ಅತ್ತ ತಲೆ ಹಾಕಲಿಲ್ಲ. ವರದಿ ಬೇರೆ ಸ್ಥಾವರಗಳಿಗೂ ಹೋಯಿತು. ಅವರೂ ಕಡಿದರು.

ಯಾರಿಗೂ ಹೇಳದ ಮಾತು ಎಂದಾದರೊಂದು ದಿನ ಎಲ್ಲಿಂದಲೋ ಸೋರುತ್ತದೆ. ಇದೂ ಸೋರಿತು. ಅಷ್ಟು ಹೊತ್ತಿಗೆ ಮರಗಳು ಹೋಗಿದ್ದವು. ಈಗ ಆ ದಾರಿ ಬೋಳಾಗಿದೆ, ಅಭ್ಯಾಸವನ್ನು ಬಿಸಿಲೇರುವ ಮುಂಚೆ ಮುಗಿಸುತ್ತಾರೆ. ನೀರು ಮುಂಚಿಗಿಂತ ಬೇಗ ಬರುತ್ತದೆ. ನೋಡುವುದಕ್ಕೆ ಬಂದವರು ತಲೆದೂಗುತ್ತಾರೆ. ಅವಳಿಗೆ ಮಾತ್ರ ಅಂದಿನಿಂದ ನಿದ್ದೆ ಹತ್ತಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಇಂದುಮತಿ ಕೇಳಿದರು: "ಹಾಗಾದರೆ ಮೇಷ್ಟ್ರೇ, ಆ ಸ್ಥಾವರ ಈಗಲಾದರೂ ತಯಾರಾಗಿದೆಯೇ?"

"ಪೂರ್ತಿ ತಯಾರಾಗಿದೆಯಮ್ಮ, ಮರ ಬೀಳುವುದಕ್ಕೆ."

ಇಂದುಮತಿ ಮೇಡಂ ತಮ್ಮ ಪಾಳಿಯ ಕುರ್ಚಿ ಬಿಟ್ಟು ಏಳುವಾಗ ಇದನ್ನು ನನಗೆ ಹೇಳಿದರು. ಈಗ ಆ ಕುರ್ಚಿ ನಿಮ್ಮದು, ಅದಕ್ಕೇ ನಿಮಗೆ ಹೇಳಿದೆ. ನಿಮ್ಮ ಪಾಳಿ ಮುಗಿದ ಮೇಲೆ ಅದರಲ್ಲಿ ಯಾರು ಬಂದು ಕೂರುತ್ತಾರೋ ಅವರಿಗೆ ಇದನ್ನು ಹೇಳಿ ಎದ್ದು ಹೋಗಿ.